ಹಳೆಯ ಕನ್ನಡ ಚಿತ್ರವನ್ನು ಇಂದಿನ ಹುಡುಗರ ಜೊತೆ ಕೂತು ನೋಡುವ ಬಗೆ

ಅಪ್ಪ ಶಿಳ್ಳೆ ಹೊಡೆಯುವ ಜಾಗದಲ್ಲಿ ಮಗಳು ಮುಖ ಸಿಂಡರಿಸುತ್ತಾಳೆ. ಪರದೆಯ ಮೇಲೆ ನಾಯಕ ಹೆಂಡತಿಯ ಕೆನ್ನೆಗೆ ಬಾರಿಸಿದ್ದಾನೆ, ಹಿನ್ನೆಲೆಯಲ್ಲಿ ಗೆಲುವಿನ ಸಂಗೀತ ಮೊಳಗಿದೆ. ಸೋಫಾದ ಈ ತುದಿಯಲ್ಲಿ ನಗು, ಆ ತುದಿಯಲ್ಲಿ ಮೌನ. ಆಮೇಲೆ ನಡೆಯುವುದು ಸಾಮಾನ್ಯವಾಗಿ ಎರಡೇ: ‘ಆ ಕಾಲ ಹಾಗಿತ್ತು, ಸುಮ್ನೆ ನೋಡು’ ಎಂದು ಹಿರಿಯರು ಗದರುತ್ತಾರೆ, ಇಲ್ಲವೇ ಕಿರಿಯರು ಎದ್ದು ಹೋಗುತ್ತಾರೆ. ಎರಡರಲ್ಲಿ ಯಾವುದು ನಡೆದರೂ ಸಿನಿಮಾ ಕೈತಪ್ಪಿತು ಎಂದೇ ಅರ್ಥ.

ಮನೆಯಲ್ಲಿ ನಾಲ್ಕು ಜನ ಕೂತು ನೋಡುವವರಿಗೆ, ಕಾಲೇಜಿನ ಚಿತ್ರ ಸಮಾಜ ನಡೆಸುವವರಿಗೆ, ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಚಿತ್ರ ತೋರಿಸುವವರಿಗೆ ಇಲ್ಲಿನ ಕ್ರಮ ಉಪಯೋಗಕ್ಕೆ ಬರುತ್ತದೆ. ಚಿತ್ರವನ್ನು ಸಮರ್ಥಿಸುವುದೂ ಬೇಡ, ಕಟಕಟೆಯಲ್ಲಿ ನಿಲ್ಲಿಸುವುದೂ ಬೇಡ. ಚಿತ್ರ ಏನನ್ನು ತೋರಿಸಿತು, ಅದರಲ್ಲಿ ಯಾವುದನ್ನು ಒಪ್ಪಿತು, ಈ ಎರಡನ್ನೂ ಬೇರೆ ಮಾಡಿ ನೋಡುವುದನ್ನು ಕಲಿತರೆ ಸಾಕು. ಮುಕ್ಕಾಲು ಪಾಲು ಜಗಳ ಇವೆರಡನ್ನು ಕಲಸಿಬಿಡುವುದರಿಂದಲೇ ಹುಟ್ಟುತ್ತದೆ.

ಚಿತ್ರಗಳನ್ನು ಜೋಡಿಯಾಗಿ ಆರಿಸಿ

ಒಂದೇ ಚಿತ್ರ ಹಾಕಿದರೆ ಮಾತು ‘ಸರಿಯೋ ತಪ್ಪೋ’ ಎಂಬಲ್ಲೇ ಸಿಕ್ಕಿಬೀಳುತ್ತದೆ. ಒಂದೇ ಕಾಲದ ಎರಡು ಚಿತ್ರಗಳನ್ನು ಎರಡು ವಾರಗಳಲ್ಲಿ ಹಾಕಿ. ಒಬ್ಬನೇ ನಿರ್ದೇಶಕರದ್ದಾದರೆ ಇನ್ನೂ ಒಳ್ಳೆಯದು. ಮೊದಲ ಸಲಕ್ಕೆ ಪುಟ್ಟಣ್ಣ ಕಣಗಾಲರ ‘ಬೆಳ್ಳಿ ಮೋಡ’ (1967) ಮತ್ತು ‘ನಾಗರಹಾವು’ (1972) ಹೇಳಿ ಮಾಡಿಸಿದ ಜೋಡಿ.

‘ಬೆಳ್ಳಿ ಮೋಡ’ ತ್ರಿವೇಣಿಯವರ ಕಾದಂಬರಿ. ಇಂದಿರೆ ಒಬ್ಬಳೇ ಮಗಳು, ಎಸ್ಟೇಟಿನ ವಾರಸುದಾರಳು ಎಂದು ಮದುವೆಗೆ ಒಪ್ಪಿದ ಹುಡುಗ, ಆಕೆಗೊಬ್ಬ ತಮ್ಮ ಹುಟ್ಟಿದ ಕೂಡಲೇ ಹಿಂದೆ ಸರಿಯುತ್ತಾನೆ. ಮುಂದೆ ಆತ ಗಾಯಗೊಂಡು ಬಿದ್ದಾಗ ಆಕೆಯೇ ಆರೈಕೆ ಮಾಡುತ್ತಾಳೆ. ಆತ ಮನಸ್ಸು ಬದಲಿಸಿ ಮದುವೆಯಾಗುತ್ತೇನೆ ಎಂದಾಗ ಇಂದಿರೆ ಒಪ್ಪುವುದಿಲ್ಲ. ಕಲ್ಪನಾ ಅಭಿನಯದ ಆ ನಿರಾಕರಣೆಯನ್ನು ನೋಡಿದ ಹುಡುಗಿಯರಿಗೆ ‘ಆ ಕಾಲವೇ ಹಾಗಿತ್ತು’ ಎಂಬ ಮಾತು ಮತ್ತೆ ಹಿಡಿಸುವುದಿಲ್ಲ. ‘ಬೇಡ’ ಎನ್ನುವ ಹೆಣ್ಣು 1967ರಲ್ಲೂ ಇದ್ದಳು, ಅವಳನ್ನು ಬರೆದವರೂ ಇದ್ದರು, ಅವಳನ್ನು ನೋಡಲು ಟಿಕೆಟ್ ಕೊಂಡವರೂ ಇದ್ದರು. ಜೋಡಿ ಮಾಡಿ ತೋರಿಸುವುದರ ದೊಡ್ಡ ಲಾಭ ಇದೇ. ಹಳೆಯ ಕಾಲಕ್ಕೂ ಹಲವು ದನಿಗಳಿದ್ದವು ಎಂಬುದು ಕಣ್ಣಿಗೇ ಕಾಣುತ್ತದೆ, ಯಾರೂ ವಾದ ಮಾಡಿ ಒಪ್ಪಿಸಬೇಕಾಗುವುದಿಲ್ಲ.

ಬೇರೆ ವಿಷಯಗಳಿಗೆ ಬೇರೆ ಜೋಡಿ. ದೇವದಾಸಿ ಮನೆತನದಲ್ಲಿ ಹುಟ್ಟಿದ ಹುಡುಗಿಯ ಕಥೆಯಾದ ‘ಗೆಜ್ಜೆಪೂಜೆ’ಗೆ ಜಾತಿ ಮತ್ತು ಮಡಿಯನ್ನು ನೇರವಾಗಿ ಕೆಣಕಿದ ‘ಸಂಸ್ಕಾರ’ವನ್ನು (1970) ಜೋಡಿಸಬಹುದು. ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ನಿರಾಕರಿಸಿತ್ತು, ಆಮೇಲೆ ಅದೇ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅಸ್ಪೃಶ್ಯತೆಯ ಮಾತಿಗೆ ‘ಚೋಮನ ದುಡಿ’ (1975), ವಿಧವೆಯರ ಬಾಳಿಗೆ ‘ಘಟಶ್ರಾದ್ಧ’ (1977) ಮತ್ತು ಪ್ರೇಮಾ ಕಾರಂತರ ‘ಫಣಿಯಮ್ಮ’ ಇವೆ. ‘ಸೊಕ್ಕಿನ ಹೆಣ್ಣನ್ನು ಪಳಗಿಸುವ’ ಕಥೆಗಳದ್ದು ಮಾತ್ರ ಬೇರೆಯದೇ ಗುಂಪು, ಅದಕ್ಕೆ ಮುಂದೆ ಬರೋಣ.

ಒಬ್ಬರೇ ಮೊದಲು ನೋಡಿ, ಕೈಯಲ್ಲಿ ನೋಟ್‌ಬುಕ್ ಇರಲಿ

ತೋರಿಸುವ ಮೂರು ನಾಲ್ಕು ದಿನ ಮೊದಲು ಚಿತ್ರವನ್ನು ಪೂರ್ತಿ ನೋಡಬೇಕು. ಚಿಕ್ಕಂದಿನಲ್ಲಿ ಹತ್ತು ಸಲ ನೋಡಿದ್ದೀರಿ ಎಂಬ ನೆನಪನ್ನು ನಂಬಬೇಡಿ. ನೆನಪು ಹಾಡನ್ನು ಇಟ್ಟುಕೊಂಡು ಹಾಡಿನ ಮುಂಚಿನ ದೃಶ್ಯವನ್ನು ಅಳಿಸಿರುತ್ತದೆ. ಮೂರು ಗಂಟೆಯ ಚಿತ್ರಕ್ಕೆ ನಿಲ್ಲಿಸಿ ನಿಲ್ಲಿಸಿ ನೋಡಲು ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ.

ಪುಟಕ್ಕೆ ಉದ್ದಕ್ಕೆ ಗೆರೆ ಎಳೆದು ಎಡಗಡೆ ಸಮಯ ಬರೆಯಿರಿ (ಗಂಟೆ, ನಿಮಿಷ, ಸೆಕೆಂಡು), ಬಲಗಡೆ ಏನಾಯಿತು ಎಂದು ಒಂದು ಸಾಲು. ‘ಕೆಟ್ಟ ದೃಶ್ಯ’, ‘ಹೆಣ್ಣಿಗೆ ಅವಮಾನ’ ಎಂದೆಲ್ಲ ಬರೆಯಬೇಡಿ, ಅದು ತೀರ್ಪು. ‘ಹಿಂದೆ ಹಿಂದೆ ಹೋಗುತ್ತಾನೆ, ಅವಳು ಪುಸ್ತಕ ಎದೆಗೆ ಅವಚಿಕೊಳ್ಳುತ್ತಾಳೆ, ಗೆಳೆಯರು ನಗುತ್ತಾರೆ’ ಎಂದು ಕಂಡದ್ದನ್ನು ಬರೆಯಿರಿ. ಆಮೇಲೆ ಪ್ರತಿ ದೃಶ್ಯಕ್ಕೂ ನಾಲ್ಕು ಪ್ರಶ್ನೆ ಹಾಕಿ ಉತ್ತರ ಗುರುತಿಸಿ.

ಕ್ಯಾಮೆರಾ ಯಾರ ಪಕ್ಕ ನಿಂತಿದೆ? ಹಿಂಬಾಲಿಸುವವನ ಭುಜದ ಮೇಲಿಂದ ಹುಡುಗಿಯನ್ನು ನೋಡುತ್ತಿದ್ದೇವೆಯೋ, ಹುಡುಗಿಯ ಮುಖದಲ್ಲಿನ ಗಾಬರಿ ನೋಡುತ್ತಿದ್ದೇವೆಯೋ?

ಸಂಗೀತ ಏನು ಹೇಳುತ್ತಿದೆ? ಇದನ್ನು ತಿಳಿಯಲು ಸುಲಭ ಉಪಾಯವಿದೆ. ದೃಶ್ಯವನ್ನು ಒಮ್ಮೆ ದನಿ ನಿಲ್ಲಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ. ದನಿಯಿಲ್ಲದೆ ಹಿಂಸೆಯಂತೆ ಕಂಡದ್ದು ಕಣ್ಣು ಮುಚ್ಚಿದಾಗ ತಮಾಷೆಯಂತೆ ಕೇಳಿಸಿದರೆ, ಚಿತ್ರ ಅದನ್ನು ಒಪ್ಪಿದೆ. ಈ ಒಂದೇ ಪರೀಕ್ಷೆ ಹತ್ತರಲ್ಲಿ ಏಳೆಂಟು ಸಲ ಗೊಂದಲ ಬಿಡಿಸುತ್ತದೆ.

ದೃಶ್ಯದೊಳಗೆ ಯಾರು ನಗುತ್ತಾರೆ? ಪರದೆಯ ಮೇಲೆ ನಗುವವರಿದ್ದರೆ ಪ್ರೇಕ್ಷಕರೂ ನಗಲಿ ಎಂಬ ಸೂಚನೆ ಅದು.

ಕೊನೆಗೆ ಬೆಲೆ ತೆತ್ತವರು ಯಾರು? ಈ ಪ್ರಶ್ನೆ ಒಂದು ದೃಶ್ಯಕ್ಕಲ್ಲ, ಇಡೀ ಚಿತ್ರಕ್ಕೆ. ‘ಗೆಜ್ಜೆಪೂಜೆ’ಯ ಚಂದ್ರಾ ಸಾಯುತ್ತಾಳೆ. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದರೂ ಮನೆಯವರ, ನೆರೆಯವರ ನೋಟಕ್ಕೆ ಮತ್ತೆ ಕುಸಿಯುತ್ತಾಳೆ. ‘ನಾಗರಹಾವು’ವಿನಲ್ಲಿ ನಾಯಕ ರಾಮಾಚಾರಿ ಮೊದಲು ಪ್ರೀತಿಸಿದ ಅಲಮೇಲು ವೇಶ್ಯಾವಾಟಿಕೆಗೆ ಬೀಳುತ್ತಾಳೆ, ಆಮೇಲೆ ಪ್ರೀತಿಸಿದ ಮಾರ್ಗರೇಟ್ ಬೆಟ್ಟದಿಂದ ಹಾರುತ್ತಾಳೆ. ಹೆಣ್ಣಿನ ಪರ ಅಷ್ಟು ತೀವ್ರವಾಗಿ ಮಿಡಿದ ಪುಟ್ಟಣ್ಣನವರ ಚಿತ್ರಗಳಲ್ಲೂ ಬೆಲೆ ತೆರುವವಳು ಹೆಚ್ಚು ಸಲ ಹೆಣ್ಣೇ. ಇಷ್ಟನ್ನು ಪಕ್ಕ ಪಕ್ಕ ಬರೆದಿಟ್ಟರೆ ಚರ್ಚೆಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

‘ನಾಗರಹಾವು’: ಎರಡು ದೃಶ್ಯ ಹತ್ತಿರದಿಂದ

ಅಂಬರೀಶ್ ತೆರೆಗೆ ಬಂದದ್ದೇ ಈ ಚಿತ್ರದ ಜಲೀಲನಾಗಿ. ಜಲೀಲ ಅಲಮೇಲುವನ್ನು ಕಾಡುವ ಪುಂಡ. ‘ಬುಲ್ ಬುಲ್’ ಎಂದು ಅವಳನ್ನು ಕರೆಯುವ ಮಾತು ಚಿತ್ರದೊಳಗೆ ಕಿರುಕುಳ. ಅವಳಿಗೆ ಅದು ಹಿಡಿಸುವುದಿಲ್ಲ, ರಾಮಾಚಾರಿಯ ನೆರವನ್ನು ಅವಳ ಅಣ್ಣ ಕೇಳುತ್ತಾನೆ, ರಾಮಾಚಾರಿ ಜಲೀಲನನ್ನು ಹೊಡೆಯುತ್ತಾನೆ. ಅಂದರೆ ಚಿತ್ರ ಇಲ್ಲಿ ಹುಡುಗಿಯ ಪಕ್ಷದಲ್ಲೇ ಇದೆ. ಆದರೆ ನಲವತ್ತು ವರ್ಷಗಳಲ್ಲಿ ಆ ಮಾತು ಪ್ರೀತಿಯ ಮಾತಾಗಿಬಿಟ್ಟಿತು. 2013ರಲ್ಲಿ ‘ಬುಲ್‌ಬುಲ್’ ಎಂಬ ಹೆಸರಿನ ಪ್ರೇಮಕಥೆಯೇ ಬಂತು. ಇಲ್ಲಿ ಬದಲಾದದ್ದು ಚಿತ್ರವಲ್ಲ, ನಮ್ಮ ನೆನಪು. ಹುಡುಗರಿಗೆ ಇದನ್ನು ಹೇಳಲೇಬೇಕು, ಏಕೆಂದರೆ ಅವರು ಮೊದಲು ಕೇಳಿರುವುದು ಮಿಮಿಕ್ರಿಯಲ್ಲಿ, ಸಿನಿಮಾದಲ್ಲಲ್ಲ. ಅದರ ಜೊತೆಗೇ ಇನ್ನೊಂದನ್ನೂ ಕೇಳಿ: ಕಾಡುವವನಿಗೆ ಮುಸ್ಲಿಂ ಹೆಸರು ಇಟ್ಟದ್ದು ಕಥೆಗೆ ಏನು ಕೊಟ್ಟಿತು? ಉತ್ತರ ನೀವು ಹೇಳಬೇಡಿ, ಪ್ರಶ್ನೆ ಇಟ್ಟು ಸುಮ್ಮನಿರಿ.

ಎರಡನೆಯದು ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಆ ಪಾತ್ರಕ್ಕೆ ತುಂಬಿದ ವಾತ್ಸಲ್ಯ ಎಂಥದ್ದೆಂದರೆ, ಅವರು ಏನು ಹೇಳುತ್ತಿದ್ದಾರೆ ಎಂಬುದೇ ಮರೆತುಹೋಗುತ್ತದೆ. ಹೇಳುತ್ತಿರುವುದು: ಜಾತಿ ಬೇರೆ, ಅಲಮೇಲುವನ್ನು ಬಿಟ್ಟುಬಿಡು. ಶಿಷ್ಯ ಬಿಡುತ್ತಾನೆ. ಅವಳ ಬಾಳು ಹಾಳಾಗುತ್ತದೆ. ಮಾರ್ಗರೇಟಳ ವಿಷಯದಲ್ಲೂ ಮೇಷ್ಟ್ರು ಧರ್ಮದ ಗೆರೆ ಎಳೆಯುತ್ತಾರೆ, ಆಗ ಶಿಷ್ಯ ಕೇಳುವುದಿಲ್ಲ, ಮೇಷ್ಟ್ರೇ ಬೆಟ್ಟದಿಂದ ಬೀಳುತ್ತಾರೆ. ಮೇಷ್ಟ್ರ ಮಾತಿನ ಫಲ ಏನಾಯಿತು ಎಂದು ಕಥೆಯೇ ಲೆಕ್ಕ ಕೊಟ್ಟಿದೆ. ಹಾಡು ಮತ್ತು ಕಣ್ಣೀರು ಮಾತ್ರ ಕೊನೆಯವರೆಗೂ ಗುರುಭಕ್ತಿಯ ಕಡೆಗೇ ಎಳೆಯುತ್ತವೆ. ಕಥೆ ಒಂದು ಕಡೆ, ಸಂಗೀತ ಇನ್ನೊಂದು ಕಡೆ ಎಳೆಯುವ ಈ ಜಾಗವೇ ಚಿತ್ರದ ಜೀವ. ಚರ್ಚೆಗೆ ಒಂದೇ ದೃಶ್ಯ ಆರಿಸಬೇಕಾಗಿ ಬಂದರೆ ಇದನ್ನೇ ಆರಿಸಿ.

ಪಳಗಿಸುವ ಕಥೆಗಳು

‘ಸಂಪತ್ತಿಗೆ ಸವಾಲ್’ (1974), ‘ಅನುರಾಗ ಅರಳಿತು’ (1986), ‘ನಂಜುಂಡಿ ಕಲ್ಯಾಣ’ (1989): ಮೂರರಲ್ಲೂ ಹಣದ, ಅಧಿಕಾರದ ಸೊಕ್ಕಿರುವ ಹೆಣ್ಣು, ಅದನ್ನು ಇಳಿಸುವ ಗಂಡು. ಇವು ಇಂದಿನವರಿಗೆ ಎಲ್ಲಕ್ಕಿಂತ ಹೆಚ್ಚು ಇರಿಯುವ ಚಿತ್ರಗಳು, ಹಿರಿಯರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವ ಚಿತ್ರಗಳೂ ಇವೇ. ಹಾಗಾಗಿ ಮೊದಲ ವಾರವೇ ಇವಕ್ಕೆ ಕೈ ಹಾಕಬೇಡಿ.

ಹಾಕಿದಾಗ ಎರಡು ಸಂಗತಿ ಮುಂದಿಡಿ. ಒಂದು, ಈ ಕಥೆಯ ಬೇರು ಕನ್ನಡದ್ದಲ್ಲ, ಕನ್ನಡಕ್ಕೆ ಮಾತ್ರ ಸೇರಿದ್ದೂ ಅಲ್ಲ. ‘ನಂಜುಂಡಿ ಕಲ್ಯಾಣ’ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕದಿಂದ ಬಂದದ್ದು, ಆ ನಾಟಕ ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದ ಶ್ರೂ’ದಿಂದ. ‘ಅನುರಾಗ ಅರಳಿತು’ ತೆಲುಗಿನಲ್ಲಿ ‘ಘರಾನಾ ಮೊಗುಡು’, ತಮಿಳಿನಲ್ಲಿ ‘ಮನ್ನನ್’, ಹಿಂದಿಯಲ್ಲಿ ‘ಲಾಡ್ಲಾ’ ಆಗಿ ಹೋದ ಕಡೆಯಲ್ಲೆಲ್ಲ ಗೆದ್ದಿತು. ಎರಡು, ಈ ಕಥೆಗಳಲ್ಲಿ ವರ್ಗದ ಸಿಟ್ಟು ಮತ್ತು ಹೆಣ್ಣಿನ ಮೇಲಿನ ಸಿಟ್ಟು ಒಂದರೊಳಗೊಂದು ಹೆಣೆದುಕೊಂಡಿವೆ. ಬಡವನೊಬ್ಬ ಸಾಹುಕಾರರ ಎದುರು ತಲೆಯೆತ್ತಿದ್ದಕ್ಕೆ ಕಡಿಮೆ ದರದ ಗಾಂಧಿ ಕ್ಲಾಸಿನಲ್ಲಿ ಕೂತವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಜವಾದದ್ದು. ಆದರೆ ಸಾಹುಕಾರಿಕೆಯ ಮೇಲಿನ ಏಟು ಬಿದ್ದದ್ದು ಹೆಂಡತಿಯ ಮೈಮೇಲೆ. ‘ಇದೇ ಜಾಗದಲ್ಲಿ ಸೊಕ್ಕಿನ ಗಂಡು ಮಾಲೀಕನಿದ್ದಿದ್ದರೆ ನಾಯಕ ಏನು ಮಾಡುತ್ತಿದ್ದ?’ ಎಂದು ಕೇಳಿ ನೋಡಿ. ಹಿರಿಯರೂ ಕಿರಿಯರೂ ಒಟ್ಟಿಗೆ ಯೋಚಿಸಲು ಕೂರುತ್ತಾರೆ.

ಮೈಕಟ್ಟಿನ ಬಗ್ಗೆ ಮಾಡುವ ಹಾಸ್ಯಕ್ಕೆ ಇಷ್ಟು ವಿವರ ಬೇಡ. ದಪ್ಪಗಿರುವವರು, ಉಗ್ಗುವವರು, ಕಪ್ಪು ಬಣ್ಣದವರು ಬಂದ ತಕ್ಷಣ ನಗು ಹುಟ್ಟಿಸುವ ಹಾಸ್ಯ ಬಹುತೇಕ ಚಿತ್ರಗಳಲ್ಲಿದೆ, ಎಲ್ಲಿದೆ ಎಂದು ಗುರುತಿಸಿದರೆ ಸಾಕು. ಒಂದು ವ್ಯತ್ಯಾಸ ಮಾತ್ರ ತಪ್ಪಿಸಬೇಡಿ: ದ್ವಾರಕೀಶ್ ‘ಕುಳ್ಳ’ ಎಂಬ ಪದವನ್ನು ತಮ್ಮದೇ ಚಿತ್ರಗಳ ಹೆಸರಿನಲ್ಲಿ ಎತ್ತಿ ಹಿಡಿದರು, ‘ಕುಳ್ಳ ಏಜೆಂಟ್ 000’, ‘ಪ್ರಚಂಡ ಕುಳ್ಳ’. ತನ್ನ ಮೈಯನ್ನು ತಾನೇ ಹೆಮ್ಮೆಯಿಂದ ಮುಂದಿಡುವುದು ಬೇರೆ, ಇನ್ನೊಬ್ಬರು ಆಡಿಕೊಳ್ಳುವುದು ಬೇರೆ.

ಇಸವಿಗಳ ಒಂದು ಚೀಟಿ

‘ಆಗ ಅದು ತಪ್ಪು ಅಂತ ಯಾರಿಗೂ ಗೊತ್ತಿರಲಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಅರ್ಧ ಹಾಳೆಯಲ್ಲಿ ಕಾನೂನುಗಳ ಇಸವಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಅಸ್ಪೃಶ್ಯತೆ (ಅಪರಾಧ) ಕಾಯ್ದೆ 1955. ವರದಕ್ಷಿಣೆ ನಿಷೇಧ ಕಾಯ್ದೆ 1961, ಎಂದರೆ ‘ಬೆಳ್ಳಿ ಮೋಡ’ಕ್ಕಿಂತ ಆರು ವರ್ಷ ಮೊದಲೇ. ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982, ‘ಗೆಜ್ಜೆಪೂಜೆ’ ಬಂದು ಹತ್ತು ವರ್ಷಕ್ಕೂ ಹೆಚ್ಚಾದ ಮೇಲೆ. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ದಂಡಸಂಹಿತೆಗೆ 498ಎ ಕಲಮು ಸೇರಿದ್ದು 1983. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕರ್ನಾಟಕದಲ್ಲಿ 1994, ದೇಶಕ್ಕೆಲ್ಲ 2005. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ 2005. ಹಿಂಬಾಲಿಸಿ ಕಾಡುವುದು ಬೇರೆಯದೇ ಅಪರಾಧವಾಗಿ ದಂಡಸಂಹಿತೆಗೆ ಸೇರಿದ್ದು 2013.

ಈ ಚೀಟಿ ಎರಡೂ ಕಡೆ ಹರಿತ. ಕೆಲವು ಕಡೆ ಕಾನೂನು ಮುಂದಿತ್ತು, ಸಿನಿಮಾ ಹಿಂದಿತ್ತು. ಕೆಲವು ಕಡೆ ಸಿನಿಮಾ ಮುಂದೆ ಹೋಗಿತ್ತು, ಕಾನೂನು ಹತ್ತು ಇಪ್ಪತ್ತು ವರ್ಷ ತಡವಾಗಿ ಬಂತು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಯನ್ನು 1970ರ ದಶಕದ ಆರಂಭದಲ್ಲೇ ಜನಪ್ರಿಯ ಚಿತ್ರವಾಗಿ ಮಾಡಿದ ‘ಶರಪಂಜರ’ ಎರಡನೆಯ ಬಗೆಯದು. ‘ಹುಚ್ಚಿ’ ಎಂಬ ಪದ ಇಂದು ಕಿವಿಗೆ ಚುಚ್ಚುತ್ತದೆ. ಆ ಪದ ಒಬ್ಬಳನ್ನು ಹೇಗೆ ಕೊಲ್ಲುತ್ತದೆ ಎಂಬುದೇ ಚಿತ್ರದ ವಸ್ತು. ಚೀಟಿಯನ್ನು ಓದಿ ಹೇಳಬೇಡಿ, ಮಾತು ಅಲ್ಲಿಗೆ ಬಂದಾಗ ಮಾತ್ರ ತೆಗೆಯಿರಿ.

ಪ್ರತಿ, ಪ್ರಮಾಣಪತ್ರ, ಅನುಮತಿ

ಯಾವ ಪ್ರತಿ ನೋಡುತ್ತೀರಿ ಎಂಬುದು ಮುಖ್ಯ. ಹಳೆಯ ಚಿತ್ರಗಳ ಟಿವಿ ಪ್ರತಿಗಳಲ್ಲಿ ಹಾಡು, ದೃಶ್ಯ ಕತ್ತರಿಸಿರುತ್ತಾರೆ. ಅಂತರ್ಜಾಲದ ಕೆಲವು ಪ್ರತಿಗಳಲ್ಲಿ ಚೌಕದ ಚಿತ್ರವನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿ, ತಲೆಯೇ ಕಾಣದಂತೆ ಮಾಡಿರುತ್ತಾರೆ. ಕ್ಯಾಮೆರಾ ಎಲ್ಲಿ ನಿಂತಿದೆ ಎಂದು ಕೇಳುವವರಿಗೆ ಇಂಥ ಪ್ರತಿ ಉಪಯೋಗವಿಲ್ಲ. ಹೆಸರುಗಳ ಪಟ್ಟಿಯಲ್ಲಿ ಅಕ್ಷರಗಳು ಅಂಚಿಗೆ ಕತ್ತರಿಸಿವೆಯೇ ನೋಡಿ, ಮೊದಲ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ.

ಹಳೆಯ ಚಿತ್ರದ ‘ಯು’ ಪ್ರಮಾಣಪತ್ರ ನೋಡಿ ಮಕ್ಕಳನ್ನು ಕೂರಿಸಬೇಡಿ. ‘ಯುಎ’ ಎಂಬ ದರ್ಜೆ ಬಂದದ್ದೇ 1983ರಲ್ಲಿ, ಅದಕ್ಕೂ ಮೊದಲು ಇದ್ದದ್ದು ‘ಯು’ ಮತ್ತು ‘ಎ’ ಎರಡೇ. ಇಂದು ‘ಯುಎ’ಯಲ್ಲೇ 7, 13, 16 ವರ್ಷದ ಮೂರು ಮೆಟ್ಟಿಲುಗಳಿವೆ. ನಿಮ್ಮ ನೋಟ್‌ಬುಕ್ಕೇ ಇಲ್ಲಿ ಪ್ರಮಾಣಪತ್ರ. ಆತ್ಮಹತ್ಯೆ, ಬಲಾತ್ಕಾರದ ದೃಶ್ಯವಿರುವ ಚಿತ್ರವನ್ನು ಹದಿಮೂರರ ಕೆಳಗಿನವರಿಗೆ ತೋರಿಸುವುದು ಬೇಡ.

ಮನೆಯಾಚೆ ತೋರಿಸಲು ಹಕ್ಕುದಾರರ ಅನುಮತಿ ಬೇಕು. ಶಾಲಾ ಕಾಲೇಜಿನ ಚಟುವಟಿಕೆಯಾಗಿ, ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಮಾತ್ರ ತೋರಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಹೊರಗಿನವರಿಗೆ ಬಾಗಿಲು ತೆರೆದರೆ ವಿನಾಯಿತಿ ಹೋಯಿತು. ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಅದು ಮುಗಿದ ಚಿತ್ರದಲ್ಲೂ ಹಾಡು, ಕಥೆಯ ಹಕ್ಕು ಬೇರೆ ಉಳಿದಿರಬಹುದು.

ತೋರಿಸುವ ದಿನ

ಪೀಠಿಕೆ ಮೂರು ನಿಮಿಷ ಮೀರಬಾರದು. ಇಸವಿ, ನಿರ್ದೇಶಕರು, ಯಾವ ಕಾದಂಬರಿ, ಮತ್ತು ಒಂದೇ ಒಂದು ಎಚ್ಚರಿಕೆ: ‘ಇದರಲ್ಲಿ ಹೆಂಗಸಿಗೆ ಹೊಡೆಯುವ ದೃಶ್ಯವಿದೆ, ಆತ್ಮಹತ್ಯೆಯಿದೆ, ಬೇಡವೆನಿಸಿದರೆ ಹೊರಗೆ ಹೋಗಿ ಬರಬಹುದು.’ ಇದಕ್ಕಿಂತ ಹೆಚ್ಚು ಹೇಳಿದರೆ ಕೂತವರು ಚಿತ್ರ ನೋಡುವುದು ಬಿಟ್ಟು ತಪ್ಪು ಹುಡುಕಲು ಶುರುಮಾಡುತ್ತಾರೆ. ಮೊದಲೇ ತೀರ್ಪು ಕೊಟ್ಟ ಪ್ರದರ್ಶನಗಳೆಲ್ಲ ಕೆಡುವುದು ಇಲ್ಲೇ.

ನಡುವೆ ನಿಲ್ಲಿಸಿ ವ್ಯಾಖ್ಯಾನ ಮಾಡಬೇಡಿ, ಇಂಟರ್ವಲ್‌ನಲ್ಲಿ ಮಾತ್ರ ನಿಲ್ಲಿಸಿ. ಹಾಡುಗಳನ್ನು ಓಡಿಸಬೇಡಿ, ಒಲ್ಲದ ಹುಡುಗಿ ಒಪ್ಪಿಬಿಡುವುದು ಎಷ್ಟೋ ಚಿತ್ರಗಳಲ್ಲಿ ಹಾಡಿನ ನಾಲ್ಕು ನಿಮಿಷದಲ್ಲಿ, ಪಲ್ಲವಿಗೆ ಮುನಿಸು, ಕೊನೆಯ ಚರಣಕ್ಕೆ ನಗು. ಹಾಡು ಬಿಟ್ಟರೆ ಆ ಬದಲಾವಣೆ ಹೇಗಾಯಿತು ಎಂದೇ ತಿಳಿಯುವುದಿಲ್ಲ. ಎಲ್ಲಿ ನಗು ಬಂತು, ಎಲ್ಲಿ ಕುರ್ಚಿ ಸದ್ದಾಯಿತು, ಯಾರು ಫೋನು ತೆಗೆದರು ಎಂದು ಕತ್ತಲಲ್ಲೇ ಗುರುತು ಹಾಕಿಕೊಳ್ಳಿ.

ಚಿತ್ರ ಮುಗಿದ ಕೂಡಲೇ ಮಾತು ಶುರುಮಾಡಬೇಡಿ. ಹತ್ತು ನಿಮಿಷ, ಕಾಫಿ. ಆಮೇಲೆ ಮೊದಲ ಮಾತು ಎಲ್ಲರಿಗಿಂತ ಚಿಕ್ಕವರದು. ಹಿರಿಯರು ಮೊದಲು ಮಾತಾಡಿದರೆ ಚಿಕ್ಕವರು ಗೌರವಕ್ಕೆ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಮೊದಲ ಪ್ರಶ್ನೆ ‘ಹೇಗನಿಸಿತು’ ಅಲ್ಲ, ಅದಕ್ಕೆ ‘ಚೆನ್ನಾಗಿತ್ತು’ ಎಂಬ ಉತ್ತರ ಮಾತ್ರ ಬರುತ್ತದೆ. ‘ಯಾವ ದೃಶ್ಯದಲ್ಲಿ ಪರದೆಯಿಂದ ಕಣ್ಣು ತೆಗೆದಿರಿ?’ ಎಂದು ಕೇಳಿ. ಹಿರಿಯರಿಗೆ ಬೇರೆ ಪ್ರಶ್ನೆ: ‘ನೀವು ಥಿಯೇಟರಿನಲ್ಲಿ ನೋಡಿದಾಗ ಈ ದೃಶ್ಯಕ್ಕೆ ಜನ ಏನು ಮಾಡಿದರು? ನಿಮ್ಮ ಪಕ್ಕ ಕೂತ ಹೆಂಗಸರು?’ ಈ ಪ್ರಶ್ನೆ ಅವರನ್ನು ಸಮರ್ಥನೆಯಿಂದ ಬಿಡಿಸಿ ನೆನಪಿಗೆ ತರುತ್ತದೆ. ‘ಆಗಲೂ ನನಗೆ ಹಿಡಿಸಿರಲಿಲ್ಲ, ಹೇಳೋಕೆ ಆಗ್ತಿರಲಿಲ್ಲ’ ಎಂದು ಅಜ್ಜಿಯೊಬ್ಬರು ಹೇಳಿದರೆ, ಆ ದಿನದ ಚರ್ಚೆಗೆ ಅದಕ್ಕಿಂತ ದೊಡ್ಡ ಕೊಡುಗೆ ಇಲ್ಲ.

ಮಾತು ಕೆಡುವುದು ಹೆಚ್ಚಾಗಿ ನಟರ ಹೆಸರು ಬಂದಾಗ. ‘ಅಣ್ಣಾವ್ರ ಬಗ್ಗೆ ಹಾಗಂತೀಯಾ?’ ಎಂದು ದನಿ ಏರಿತೆಂದರೆ ಮುಗಿಯಿತು. ಮೊದಲಿಂದಲೂ ಪಾತ್ರದ ಹೆಸರಲ್ಲೇ ಮಾತಾಡುವ ನಿಯಮ ಇಡಿ: ವಿಷ್ಣುವರ್ಧನ್ ಅಲ್ಲ, ರಾಮಾಚಾರಿ. ಯಾರಾದರೂ ನಟರ ಹೆಸರು ಎತ್ತಿದರೆ ನೀವು ಪಾತ್ರದ ಹೆಸರಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ. ಇನ್ನೊಂದು ಅಪಾಯ ಹುಡುಗರ ಕಡೆಯಿಂದ. ಎಲ್ಲಕ್ಕೂ ಒಂದೇ ಪದ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಆಗ ನೋಟ್‌ಬುಕ್ ತೆರೆದು, ಸಮಯ ನೋಡಿ, ಆ ತೊಂಬತ್ತು ಸೆಕೆಂಡಿನ ದೃಶ್ಯವನ್ನು ಮತ್ತೆ ಹಾಕಿ. ಮೊದಲು ದನಿಯಿಲ್ಲದೆ, ಆಮೇಲೆ ಚಿತ್ರವಿಲ್ಲದೆ.

ಚರ್ಚೆ ನಲವತ್ತು ನಿಮಿಷಕ್ಕೆ ನಿಲ್ಲಿಸಿ, ಬಿಸಿ ಇರುವಾಗಲೇ. ಕೊನೆಯ ಪ್ರಶ್ನೆಯನ್ನು ಉತ್ತರ ಕೇಳದೆ ಮನೆಗೆ ಕಳಿಸಿ: ಈ ಕಥೆಯನ್ನು ಅಲಮೇಲು ಹೇಳಿದ್ದರೆ ಚಿತ್ರ ಯಾವ ದೃಶ್ಯದಿಂದ ಶುರುವಾಗುತ್ತಿತ್ತು? ಮುಂದಿನ ವಾರ ಜೋಡಿಯ ಎರಡನೇ ಚಿತ್ರ ಹಾಕುವ ಮುನ್ನ, ಪೀಠಿಕೆಯ ಮೂರು ನಿಮಿಷವನ್ನು ಅದರ ಉತ್ತರಗಳಿಗೆ ಬಿಟ್ಟುಕೊಡಿ.